ಮೊಂಬಾಸದಲ್ಲಿ ಹೊತ್ತು ಮುಳುಗುವುದು ಯಾವಾಗ?

೧೯೫೭ನೆಯ ಇಸವಿಯಲ್ಲಿ ನನಗೆ ಮೂವತ್ತಾರು ವರ್ಷ. ಬಂಟವಾಳದ ಒಂದು ಶಾಲೆಯಲ್ಲಿ ಆಗ ನಾನು ವ್ಯಾಕರಣವನ್ನೂ ಭೂಗೋಳವನ್ನೂ ಕಲಿಸುತ್ತಿದ್ದೆ. ಈ ಜೋಡಿಯನ್ನು ನನಗೆ ಗಂಟುಹಾಕಿದವರು ಮುಖ್ಯೋಪಾಧ್ಯಾಯರು. ಭೂಗೋಳದ ಅಧ್ಯಾಪಕರು ವರ್ಗವಾಗಿ ಹೋದಮೇಲೆ ಬೇರೆ ಯಾರೂ ಸಿಗಲಿಲ್ಲವೆಂಬುದೇ ಅದಕ್ಕೆ ಕಾರಣ. ಆದರೆ ಕೆಲವೇ ದಿನಗಳಲ್ಲಿ ಈ ಏರ್ಪಾಡಿನಲ್ಲಿ ನನಗೊಂದು ಔಚಿತ್ಯವೇ ಕಾಣತೊಡಗಿತು. ಕರ್ತೃಪದ ಇರಬೇಕಾದಲ್ಲಿ ಕರ್ತೃಪದವಿರಬೇಕು, ಕ್ರಿಯಾಪದ ಇರಬೇಕಾದಲ್ಲಿ ಕ್ರಿಯಾಪದವಿರಬೇಕು. ಹಾಗೆಯೇ ನಾರ್ವೆ ಇರಬೇಕಾದಲ್ಲಿ ನಾರ್ವೆ, ಆಫ್ರಿಕ ಇರಬೇಕಾದಲ್ಲಿ ಆಫ್ರಿಕ. ಒಂದನ್ನು ಎತ್ತಿ ಇನ್ನೊಂದರ ಜಾಗದಲ್ಲಿಟ್ಟರೆ ವಾಕ್ಯವೂ ಕೆಡುತ್ತದೆ, ಸಂಸಾರವೂ ಕೆಡುತ್ತದೆ. ವಾಕ್ಯ ಕೆಡುವುದು ಸರಿ, ಸಂಸಾರ ಕೆಡುವುದು ಹೇಗೆಂದು ನೀವು ಕೇಳಬಹುದು. ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ.

ಮೊದಲು ನನ್ನ ಯೋಗ್ಯತೆಯನ್ನು ಹೇಳಿಬಿಡುವುದು ಮರ್ಯಾದೆ. ಖಂಡಗಳ ರೇಖಾಕೃತಿಗಳನ್ನು ಕರಿಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲ ನಾನು, ಪೂರ್ವಕ್ಕೆ ಮೈಸೂರನ್ನೂ ಪಶ್ಚಿಮಕ್ಕೆ ಮಂಗಳೂರಿನ ಬಂದರನ್ನೂ ದಾಟಿದವನಲ್ಲ. ಒಮ್ಮೆ ಆ ಬಂದರಿನಲ್ಲಿ ಹೆಂಚು ತುಂಬಿಕೊಳ್ಳುತ್ತಿದ್ದ ಮಂಜಿಯೊಂದನ್ನು ಹತ್ತಿ ನೋಡಿದ್ದುಂಟು. ಹಗ್ಗದಿಂದ ದಡಕ್ಕೆ ಕಟ್ಟಿದ್ದ ದೋಣಿ ಅದು. ಆದರೂ ಅದು ಒಮ್ಮೆ ಅಲುಗಿದ ಕೂಡಲೇ ಇಳಿದು ಬಂದೆ. ಹೀಗಿರುವವನು ಸಮುದ್ರಯಾನದ ಪರವಾಗಿ ವಾದಿಸುವುದೇನು ಎಂದು ನನ್ನ ಮಿತ್ರರು ನಗುತ್ತಾರೆ. ನಗಲಿ. ಎಲ್ಲಿಗೂ ಹೋಗದವನಿಗೆ ಇತರರನ್ನು ಹೆದರಿಸುವ ಹಕ್ಕಿರುವುದಾದರೆ, ಎಲ್ಲಿಗೂ ಹೋಗದವನಿಗೆ ಧೈರ್ಯ ಹೇಳುವ ಹಕ್ಕೂ ಇರಲೇಬೇಕು.

ಈಗ ನಾನು ಶಾಲೆಯನ್ನು ಬಿಟ್ಟು, ಬಿ.ಸಿ.ರೋಡಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ಮೊನ್ನೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಪಾಣೆಮಂಗಳೂರಿನ ಒಬ್ಬ ಬ್ಯಾರಿ ತರುಣ ತಾನು ಕುವೈತಿಗೆ ಹೊರಟಿರುವ ಸುದ್ದಿಯನ್ನು ಹೇಳಿದ. ಮೇಜಿನ ಸುತ್ತ ಕುಳಿತವರ ಮುಖಗಳು ಕೂಡಲೇ ಗಂಭೀರವಾದವು.

“ಅಲ್ಲಿ ಕುಡಿಯುವ ನೀರಲ್ಲಿ ಸಹ ಚಿಮಣಿ ಎಣ್ಣೆ ಬರ್ತದಂತೆ,” ಎಂದರು ಒಬ್ಬರು.

“ಕದ್ದರೆ ಕೈ ಕಡೀತಾರಂತೆ,” ಎಂದರು ಇನ್ನೊಬ್ಬರು.

“ನಾನು ಕದಿಲಿಕ್ಕೆ ಹೋಗುದಲ್ಲ ಮಾರಾಯ್ರೆ, ಹೊಲಿಲಿಕ್ಕೆ ಹೋಗುದು,” ಎಂದ ತರುಣ, ತಟ್ಟೆಯಲ್ಲಿದ್ದ ಬನ್ಸಿನ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತ. ಅವನ ಕ್ರಿಯಾಪದಗಳನ್ನು ತಿದ್ದಬೇಕೆಂದು ನನ್ನ ಬೆರಳು ತುರಿಸಿದರೂ ಅವನ ತರ್ಕದಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ಅವನ ಚಹಾದ ಹಣವನ್ನು ನಾನೇ ಕೊಟ್ಟೆ. ಹಾಗೆ ಕೊಡುವಾಗ ನನಗೆ ನೆನಪಾದವಳು ನನ್ನ ಅಕ್ಕನ ಮಗಳು ಪದ್ಮ.

ನಮ್ಮದು ಮೂಡುಬಿದಿರೆಯ ಒಂದು ಜೈನ ಕುಟುಂಬ; ಅಳಿಯಸಂತಾನದ ಪದ್ಧತಿಯವರು. ಅಂದರೆ ಮನೆತನ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಇಳಿಯುತ್ತದೆ. ಮನೆಯಲ್ಲಿ ಆಗ ಇದ್ದವರು ನನ್ನ ಅಕ್ಕ, ಅವಳ ಒಬ್ಬಳೇ ಮಗಳು ಪದ್ಮ, ಮತ್ತು ನಮ್ಮಿಬ್ಬರ ಸೋದರಮಾವ. ಎಪ್ಪತ್ತು ದಾಟಿದ್ದ ಈ ಮಾವನೇ ಕುಟುಂಬದ ಯಜಮಾನ. ನಾನು ಅವರನ್ನು ಮಾವ ಎನ್ನುತ್ತಿದ್ದೆ, ಪದ್ಮ ಅಜ್ಜ ಎನ್ನುತ್ತಿದ್ದಳು. ಯಾರು ಏನೆಂದು ಕರೆದರೂ ಅವರ ಒಪ್ಪಿಗೆಯಿಲ್ಲದೆ ಆ ಮನೆಯಿಂದ ಒಂದು ಹಳೆಯ ಚಾಪೆಯೂ ಹೊರಗೆ ಹೋಗುತ್ತಿರಲಿಲ್ಲ. ನಾನು ವಾರವಿಡೀ ಬಂಟವಾಳದಲ್ಲಿದ್ದು, ಶನಿವಾರ ಸಂಜೆ ಸಿದ್ಧಕಟ್ಟೆಯ ಮಾರ್ಗವಾಗಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಪದ್ಮನ ಮದುವೆಯಾಯಿತು. ವರ ಬೆಳ್ತಂಗಡಿಯ ಕಡೆಯವನು, ಹೆಸರು ಜಿನರಾಜ. ಅವನು ಐದು ವರ್ಷಗಳಿಂದ ಆಫ್ರಿಕದ ಮೊಂಬಾಸ ಎಂಬ ಬಂದರು ಪಟ್ಟಣದಲ್ಲಿ ಒಬ್ಬ ಗುಜರಾತಿ ಜೈನ ವ್ಯಾಪಾರಿಯ ಬಳಿ ಗುಮಾಸ್ತನಾಗಿದ್ದ. ರಜೆಯಲ್ಲಿ ಬಂದು ಮದುವೆಯಾಗಿ, ಮಳೆಗಾಲಕ್ಕೆ ಮುಂಚೆ ಹಡಗು ಹತ್ತಿ ಹಿಂದಿರುಗಿದ. ಪದ್ಮ ಆ ದೇಶವನ್ನು ಪ್ರವೇಶಿಸುವ ಪರವಾನಗಿ ಶ್ರಾವಣದಲ್ಲಿ ಅಂಚೆಯ ಮೂಲಕ ಬಂತು. ವರ್ಷದ ಕೊನೆಯೊಳಗೆ ಅವಳು ಹೋಗಿ ಸೇರಬೇಕು. ಇಲ್ಲವಾದರೆ ಪರವಾನಗಿ ರದ್ದು, ಮತ್ತೊಂದು ಸಿಗುವ ಭರವಸೆಯಿಲ್ಲ. ಹೋಗಲಿಕ್ಕೆ ಪದ್ಮನಿಗೆ ಮನಸ್ಸಿತ್ತು. ಒಪ್ಪಿಗೆ ಕೊಡಬೇಕಾದವರಿಗೆ ಇರಲಿಲ್ಲ.

ಊರಿನವರ ಮಾತಂತೂ ಬೇರೆಯೇ ಧಾಟಿಯಲ್ಲಿತ್ತು. ನಮ್ಮ ನೆರೆಯಲ್ಲಿ ಶೀನಣ್ಣ ಎಂಬವರಿದ್ದರು. ತಾರುಣ್ಯದಲ್ಲಿ ಬೊಂಬಾಯಿಯ ಹಡಗುಕಟ್ಟೆಯ ಸಮೀಪದ ಒಂದು ಹೋಟೆಲಿನಲ್ಲಿ ಒಂದು ವರ್ಷಕ್ಕೂ ಕಡಮೆ ಕಾಲ ಕೆಲಸ ಮಾಡಿ, ಆ ಕಾರಣದಿಂದ ಜೀವಮಾನವಿಡೀ ಬೊಂಬಾಯಿ ಶೀನಣ್ಣ ಎನಿಸಿಕೊಂಡವರು. ಖಲಾಸಿಗಳು ಚಹಾ ಕುಡಿಯುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಂದಿದ್ದ ಅವರಿಗೆ ಹೊರದೇಶವೆಂಬುದು ಒಂದೇ ದೇಶ. ಅದರಲ್ಲಿ ಒಂದು ಮೂಲೆಯಲ್ಲಿ ಹಿಮ, ಇನ್ನೊಂದು ಮೂಲೆಯಲ್ಲಿ ಮರುಭೂಮಿ. ಒಂದು ಕಡೆ ಹಾವು ತಿನ್ನುವವರು, ಮತ್ತೊಂದು ಕಡೆ ಮಾಟ ಮಾಡಿ ಗಂಡಸರನ್ನು ಕುರಿಯಾಗಿಸಿ ಕಟ್ಟಿಹಾಕುವ ಹೆಂಗಸರು. ಯಾವುದು ಎಲ್ಲಿ ಎಂಬ ವಿಂಗಡಣೆಗೆ ಅವರಿಗೆ ಬಿಡುವಿರಲಿಲ್ಲ.

“ಎಂತ ಮಾಸ್ಟ್ರೆ, ಮಗುವನ್ನು ಆಫ್ರಿಕಕ್ಕೆ ಕಳಿಸ್ತೀರಂತೆ?” ಎಂದು ಅವರು ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಕುಳಿತು ಕೇಳಿದರು. “ಅಲ್ಲಿ ಮನುಷ್ಯರನ್ನು ತಿಂತಾರೆ, ಗೊತ್ತುಂಟಾ ನಿಮಗೆ?”

“ಜಿನರಾಜ ಅಲ್ಲಿ ಐದು ವರ್ಷ ಇದ್ದ. ಅವನನ್ನು ಯಾರೂ ತಿನ್ನಲಿಲ್ಲವಲ್ಲ ಶೀನಣ್ಣ?”

“ಅವನಲ್ಲಿ ತಿನ್ನಲಿಕ್ಕೆ ಎಂತ ಉಂಟು? ಬರೀ ಎಲುಬು. ನಮ್ಮ ಪದ್ಮಕ್ಕ ಹಾಗಲ್ಲವಲ್ಲ.”

ಒಳಗಿನಿಂದ ಪದ್ಮನ ನಗು ಕೇಳಿಸಿತು. ಅಕ್ಕನ ನಗು ಕೇಳಿಸಲಿಲ್ಲ.

ಇಲ್ಲಿ ನಾನು ಸ್ವಲ್ಪ ಜಗಳವಾಡಬೇಕಾಗಿದೆ, ಓದುಗರು ಕ್ಷಮಿಸಬೇಕು. ಮೊಂಬಾಸದಲ್ಲಿ ಸಿಂಹಗಳಿವೆಯೆಂದು ಹೆದರಿದವರು ಯಾರು? ಬೆಳ್ತಂಗಡಿಯವರು. ಜಿನರಾಜನ ತಾಯಿಮನೆ ಘಟ್ಟದ ಬುಡದಲ್ಲಿದೆ. ಹಿಂದಿನ ದೀಪಾವಳಿಯಂದು ಅವರ ಅಂಗಳಕ್ಕೇ ಚಿರತೆ ಬಂದು, ಹಂಡೆಗೆ ನೀರು ತುಂಬುತ್ತಿದ್ದವರ ಕಣ್ಣೆದುರಿಗೆ ನಾಯಿಯನ್ನು ಎತ್ತಿಕೊಂಡು ಹೋಗಿತ್ತು. ಮನೆಯವರು ಮರುದಿನ ಇನ್ನೊಂದು ನಾಯಿಮರಿಯನ್ನು ತಂದರು, ಅಷ್ಟೆ. ಯಾರೂ ಬೆಳ್ತಂಗಡಿಯನ್ನು ಬಿಟ್ಟು ಓಡಲಿಲ್ಲ. ಹಡಗು ಮುಳುಗುತ್ತದೆಯೆಂದು ಹೆದರಿದವರು ಯಾರು? ಬಂಟವಾಳದವರು. ನೇತ್ರಾವತಿಗೆ ನೆರೆ ಬಂದರೆ ಪೇಟೆಯ ಬೀದಿಯಲ್ಲೇ ದೋಣಿ ನಡೆಸಿ, ಅಂಗಡಿಯ ಅಟ್ಟದಿಂದ ಬೆಲ್ಲದ ಡಬ್ಬಿಯನ್ನು ಇಳಿಸಿ ವ್ಯಾಪಾರ ಮುಂದುವರಿಸುವ ಜನ. ಪ್ರಯಾಣವೇ ಅಪಾಯವೆಂದು ಹೆದರಿದವರು ಯಾರು? ಮೂಡುಬಿದಿರೆಯಿಂದ ವೇಣೂರಿನ ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸನ್ನು ದಿನವೂ ಹತ್ತುವವರು. ಆ ಬಸ್ಸಿನ ಬಾಗಿಲು ತೆಂಗಿನ ಹಗ್ಗದಿಂದ ನಿಂತಿತ್ತು. ಅದರ ಚಾಲಕ ತಿರುವುಗಳಲ್ಲಿ ಹಿಂದಕ್ಕೆ ತಿರುಗಿ ಕುಶಲಪ್ರಶ್ನೆ ಕೇಳುತ್ತಿದ್ದ. ಆ ಬಸ್ಸಿನಲ್ಲಿ ಪಯಣಿಸಿ ಬದುಕಿದವನಿಗೆ ಅರಬೀ ಸಮುದ್ರಕ್ಕೆ ಹೆದರುವ ಅಧಿಕಾರವಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ.

ಭಯಕ್ಕೂ ದೂರಕ್ಕೂ ಒಂದು ವಿಚಿತ್ರವಾದ ನಂಟಿದೆ. ಬಚ್ಚಲುಮನೆಯಲ್ಲಿರುವ ನಾಗರಹಾವನ್ನು ನಾವು ಕೈಮುಗಿದು ದಾಟಿಸುತ್ತೇವೆ. ಕಡಲಾಚೆಯ ಹಾವಿನ ಹೆಸರು ಕೇಳಿದರೆ ಮೈ ಬೆವರುತ್ತದೆ. ನಮ್ಮ ಊರಿನ ಅಪಾಯಗಳಿಗೆ ನಾವು ಹೆಸರಿಟ್ಟಿದ್ದೇವೆ, ಅವುಗಳ ದಾರಿ ಯಾವುದು, ಹೊತ್ತು ಯಾವುದು ಎಂದು ಬಲ್ಲೆವು. ಹೊರದೇಶದ ಅಪಾಯಕ್ಕೆ ಹೆಸರೂ ಇಲ್ಲ, ದಾರಿಯೂ ಇಲ್ಲ. ಆದಕಾರಣ ಅದು ಎಲ್ಲ ಕಡೆಯೂ ಇರುತ್ತದೆ.

ಅಕ್ಕ ಮಾತ್ರ ಈ ಯಾವ ತರ್ಕಕ್ಕೂ ಬಗ್ಗಲಿಲ್ಲ. ಶೀನಣ್ಣ ಬಂದು ಹೋದ ದಿನ ಅವಳು ತೆಂಗಿನಕಾಯಿ ತುರಿಯುತ್ತ ಮಗಳಿಗೆ ಹೇಳಿದಳು: “ಅವನೇ ಎರಡು ವರ್ಷಕ್ಕೊಮ್ಮೆ ಬರಲಿ. ನೀನು ಇಲ್ಲೇ ಇರು. ನಮ್ಮಲ್ಲಿ ಹೆಣ್ಣುಮಕ್ಕಳು ತಾಯಿಮನೆಯಲ್ಲಿ ಇದ್ದದ್ದು ಹೊಸತಾ? ಸಿಂಹ, ಹಾವು ಎಲ್ಲ ಇರುವಲ್ಲಿಗೆ ಯಾಕೆ ಹೋಗುದು?”

ಪದ್ಮ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿ. ಮಾತು ಕಡಮೆ, ಆಡಿದರೆ ಪೂರ್ಣವಿರಾಮದೊಂದಿಗೆ ಆಡುವವಳು. ಅವಳು ಅಮ್ಮನಿಗೆ ಉತ್ತರ ಕೊಡದೆ ನೇರವಾಗಿ ಜಗಲಿಗೆ ಬಂದು, ಆರಾಮಕುರ್ಚಿಯಲ್ಲಿ ಒರಗಿದ್ದ ಮಾವನ ಎದುರಿಗೆ ನಿಂತಳು.

“ಅಜ್ಜ, ನೀವು ಬೇಡ ಅಂದರೆ ನಾನು ಹೋಗುದಿಲ್ಲ. ಆದರೆ ಸಿಂಹ ಉಂಟು ಅಂತ ಹೋಗದೆ ಕೂತುಕೊಳ್ಳುವವಳಲ್ಲ. ನನಗೆ ಬೇರೆ ಕಾರಣ ಹೇಳಿ.”

ನಮ್ಮ ಮನೆಯಲ್ಲಿ ಯಜಮಾನನೊಡನೆ ಹೆಣ್ಣುಮಗಳೊಬ್ಬಳು ಹೀಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾವ ಕೋಪಗೊಳ್ಳಲಿಲ್ಲ. ನನ್ನ ಕಡೆಗೆ ತಿರುಗಿ, “ಅಲ್ಲಿ ಹೊತ್ತು ಮುಳುಗುದು ಯಾವಾಗ?” ಎಂದು ಕೇಳಿದರು.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ನಮ್ಮ ಮನೆಯ ಕ್ರಮ ಗೊತ್ತಿರಬೇಕು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ದೀಪದ ಬೆಳಕಿಗೆ ಬರುವ ಕ್ರಿಮಿಕೀಟಗಳ ಹಿಂಸೆಯಾಗಬಾರದೆಂಬುದು ಅದರ ಮೂಲ. ನಾನು ಬಂಟವಾಳದಲ್ಲಿ ಶಾಲೆಯ ಸಭೆಗಳು ತಡವಾದರೆ ಹಸಿದು ಮಲಗಿದ್ದುಂಟು. ಆದರೆ ಮಾವ ತಮ್ಮ ಆಯುಷ್ಯದಲ್ಲಿ ಒಂದು ತುತ್ತನ್ನೂ ಸೂರ್ಯನ ಬೆನ್ನ ಹಿಂದೆ ಉಂಡವರಲ್ಲ. ಪದ್ಮನೂ ಬಾಲ್ಯದಿಂದ ಅವರ ಜೊತೆಗೆ ಎಲೆ ಹಾಕಿಕೊಂಡು ಬೆಳೆದವಳು. ಸಿಂಹದ ಕಥೆ, ಕುರಿಯ ಕಥೆ ಯಾವುದೂ ಮಾವನನ್ನು ಅಲುಗಿಸಿರಲಿಲ್ಲ. ಅವರನ್ನು ಅಲುಗಿಸಿದ್ದು ಶೀನಣ್ಣ ಹೋಗುವಾಗ ಮೆಟ್ಟಲಿಳಿಯುತ್ತ ಹಾಗೆಯೇ ಉದುರಿಸಿ ಹೋಗಿದ್ದ ಒಂದು ಮಾತು: ಹೊರದೇಶದಲ್ಲಿ ಆರು ತಿಂಗಳು ಸೂರ್ಯ ಮುಳುಗುವುದೇ ಇಲ್ಲ, ಇನ್ನಾರು ತಿಂಗಳು ಹುಟ್ಟುವುದೇ ಇಲ್ಲ.

ಯಾವನೋ ಖಲಾಸಿ ನಾರ್ವೆಯ ಉತ್ತರದ ತುದಿಯ ಬಗ್ಗೆ ಹೇಳಿದ್ದು ಶೀನಣ್ಣನ ಬಾಯಲ್ಲಿ ಆಫ್ರಿಕಕ್ಕೆ ಬಂದು ಕುಳಿತಿತ್ತು. ಬೇರೆ ಯಾವ ಮನೆಯಲ್ಲಾದರೂ ಈ ತಪ್ಪು ಒಂದು ಸೋಜಿಗವಾಗಿ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಅದು ಅನ್ನದ ಪ್ರಶ್ನೆಯಾಯಿತು. “ಆರು ತಿಂಗಳು ಉಣ್ಣುತ್ತಲೇ ಇರುದಾ? ಆರು ತಿಂಗಳು ಉಪವಾಸವಾ?” ಎಂದರು ಮಾವ. “ಸೂರ್ಯನ ಲೆಕ್ಕ ಇಲ್ಲದ ಊರಿಗೆ ನಮ್ಮ ಮಗುವನ್ನು ಕಳಿಸಲಿಕ್ಕೆ ಆಗುದಿಲ್ಲ.”

ನನಗೆ ಒಳಗೊಳಗೆ ಸಂತೋಷವೇ ಆಯಿತು. ಸಿಂಹದ ಭಯಕ್ಕೆ ಉತ್ತರ ಕೊಡುವುದು ಕಷ್ಟ. ಸೂರ್ಯಾಸ್ತದ ಪ್ರಶ್ನೆಗೆ ಉತ್ತರ ಎರಡನೆಯ ಪಾಠದಲ್ಲಿಯೇ ಇದೆ. ಮೊಂಬಾಸ ಇರುವುದು ಭೂಮಧ್ಯರೇಖೆಯ ಮಗ್ಗುಲಲ್ಲಿ. ಅಲ್ಲಿ ಹಗಲೂ ಇರುಳೂ ವರ್ಷವಿಡೀ ಹೆಚ್ಚುಕಡಮೆ ಸಮ. ನಮ್ಮ ಮೂಡುಬಿದಿರೆಯ ಸೂರ್ಯನೇ ಜೂನಿನಲ್ಲಿ ಒಂದು ಹೊತ್ತು, ಡಿಸೆಂಬರಿನಲ್ಲಿ ಒಂದು ಹೊತ್ತು ಎಂದು ಮನಬಂದಂತೆ ನಡೆಯುವವನು. ಅಲ್ಲಿಯ ಸೂರ್ಯ ಹಾಜರಿ ಹಾಕುವ ಗುಮಾಸ್ತನಂತೆ ಕ್ರಮಬದ್ಧ. ನಮ್ಮ ವ್ರತಕ್ಕೆ ಮೊಂಬಾಸದಷ್ಟು ಅನುಕೂಲವಾದ ಊರು ಭೂಮಿಯ ಮೇಲೆ ವಿರಳ. ಇದನ್ನು ಸಾಧಿಸಿ ತೋರಿಸುವುದಕ್ಕಾಗಿ ಮುಂದಿನ ಶನಿವಾರ ಭೂಗೋಲವೆಂಬ ಶಾಲೆಯ ಗ್ಲೋಬನ್ನು ಕೇಳಿ ಪಡೆದು, ಒಂದು ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೂಡುಬಿದಿರೆಗೆ ತಂದೆ. “ಭೂಮಿಗೆ ಅರ್ಧ ಟಿಕೆಟು ಮಾಸ್ಟ್ರೆ,” ಎಂದ ನಿರ್ವಾಹಕ.

ಅಡುಗೆಮನೆಯಿಂದ ದೀಪವೊಂದನ್ನು ತರಿಸಿ ಜಗಲಿಯ ಮೂಲೆಯಲ್ಲಿಟ್ಟೆ. ಮಾವ ಭೂಗೋಲವನ್ನು ಬೆರಳಿನಿಂದ ಒಮ್ಮೆ ತಟ್ಟಿದರು.

“ಇದೆಂತದು?”

“ಭೂಮಿ, ಮಾವ.”

“ಯಾರು ಮಾಡಿದ್ದು?”

“ಮದರಾಸಿನ ಒಂದು ಕಂಪೆನಿಯವರು.”

“ಭೂಮಿಯನ್ನು ಮಾಡಿದ್ದು ಮದರಾಸಿನವರು ಅಂತ ನನಗೆ ಗೊತ್ತಿರಲಿಲ್ಲ.”

ನಾನು ಎದೆಗುಂದದೆ ಭೂಮಿಯನ್ನು ವಾಲಿಸಿ, ತಿರುಗಿಸಿ, ನಾರ್ವೆಯ ಮೇಲೆ ದೀಪದ ಬೆಳಕು ಹೇಗೆ ನಿಂತೇ ಇರುತ್ತದೆ, ಮೊಂಬಾಸದ ಮೇಲೆ ಹೇಗೆ ಬಂದು ಹೋಗುತ್ತದೆ ಎಂಬುದನ್ನು ಶುದ್ಧವಾದ ವಾಕ್ಯಗಳಲ್ಲಿ ವಿವರಿಸಿದೆ. ಪದ್ಮ ತಲೆದೂಗಿದಳು. ಮಾವ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, “ಸೂರ್ಯನನ್ನು ಒಂದೇ ಇಟ್ಟಿದ್ದಿ. ಇನ್ನೊಂದು ಎಲ್ಲಿ?” ಎಂದರು.

ನಮ್ಮ ಶಾಸ್ತ್ರದ ಪ್ರಕಾರ ಜಂಬೂದ್ವೀಪ ತಟ್ಟೆಯಂತೆ ಚಪ್ಪಟೆ, ನಡುವೆ ಮೇರುಪರ್ವತ, ಅದರ ಸುತ್ತ ಎರಡು ಸೂರ್ಯರು, ಎರಡು ಚಂದ್ರರು. ನಾನೂ ಅದನ್ನು ಕೇಳಿಯೇ ಬೆಳೆದವನು. ನಿಜ ಹೇಳಬೇಕೆಂದರೆ ಆ ವರ್ಷಗಳಲ್ಲಿ ನಾನು ಸೋಮವಾರದಿಂದ ಶನಿವಾರದವರೆಗೆ ಬಂಟವಾಳದ ದುಂಡಗಿನ ಭೂಮಿಯ ಮೇಲೆ ಬದುಕಿ, ಭಾನುವಾರ ಮೂಡುಬಿದಿರೆಯ ಚಪ್ಪಟೆಯಾದ ಭೂಮಿಗೆ ಬಂದು ಸೇರುತ್ತಿದ್ದೆ. ಸಿದ್ಧಕಟ್ಟೆಯ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ ಭೂಮಿ ತನ್ನ ಆಕಾರವನ್ನು ಬದಲಾಯಿಸಿಕೊಳ್ಳುತ್ತಿದ್ದಿರಬೇಕು. ಈ ಎರಡನ್ನೂ ಎಂದೂ ಒಂದೇ ಜಗಲಿಯಲ್ಲಿ ಎದುರುಬದುರಾಗಿ ಕೂರಿಸಿರಲಿಲ್ಲ. “ಜಾಗ್ರತೆ,” ಎಂದರು ಮಾವ, ಭೂಗೋಲವನ್ನು ನನ್ನ ಕೈಗೆ ಹಿಂದಿರುಗಿಸುತ್ತ. “ಬಸ್ಸಿನಲ್ಲಿ ಬೀಳಿಸಬೇಡ. ಶಾಲೆಯವರ ಭೂಮಿ ಅಲ್ವಾ.”

ಜಿನರಾಜನಿಗೆ ಬರೆದು ಕೇಳಿದ್ದೂ ಆಯಿತು. ಸಂಜೆ ಆರು, ಆರೂವರೆಯ ನಡುವೆ ದಿನವೂ ತಪ್ಪದೆ ಹೊತ್ತು ಮುಳುಗುತ್ತದೆಯೆಂದು ಅವನು ಉತ್ತರಿಸಿದ. “ಹೆಂಡತಿಯನ್ನು ಕರೆಸಿಕೊಳ್ಳಬೇಕು ಅಂತ ಇರುವವ ಬೇರೆ ಎಂತ ಬರೀತಾನೆ?” ಎಂದರು ಮಾವ. ಈ ವಾದಕ್ಕೆ ಪ್ರತಿವಾದ ಯಾವ ವ್ಯಾಕರಣದಲ್ಲಿಯೂ ಇಲ್ಲ.

ಅಷ್ಟು ಹೊತ್ತಿಗೆ ನನಗೊಂದು ಸಂಗತಿ ಹೊಳೆದಿತ್ತು. ಮಾವನ ಪ್ರಶ್ನೆ ನಿಜವಾದ ಪ್ರಶ್ನೆಯೇ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಅಕ್ಕನಿಗೆ ಒಬ್ಬಳೇ ಮಗಳು. ನಮ್ಮ ಪದ್ಧತಿಯಲ್ಲಿ ಗಂಡುಮಕ್ಕಳಿಂದ ಮನೆತನ ಮುಂದುವರಿಯುವುದಿಲ್ಲ. ನಾನಿದ್ದರೂ ಇಲ್ಲದಿದ್ದರೂ ಆ ಲೆಕ್ಕದಲ್ಲಿ ಒಂದೇ. ಪದ್ಮ ಹಡಗು ಹತ್ತಿದರೆ ಅವಳೊಡನೆ ಹಡಗು ಹತ್ತುವುದು ಮನೆತನವೇ. ಅದನ್ನು ಬಾಯಿಬಿಟ್ಟು ಹೇಳಿದರೆ ಹುಡುಗಿಯ ಸಂಸಾರಕ್ಕೆ ತಾವು ಅಡ್ಡಬಂದಂತಾಗುತ್ತದೆ. ಆದ್ದರಿಂದ ಅಕ್ಕನಿಗೆ ಸಿಂಹ ಬೇಕಾಗಿತ್ತು, ಮಾವನಿಗೆ ಸೂರ್ಯ. ಹೊರದೇಶಗಳ ಮೇಲೆ ನಾವು ಹೊರಿಸುವ ಭಯಗಳಲ್ಲಿ ಎಷ್ಟೋ ಪಾಲು ಹೀಗೆ ಮನೆಯೊಳಗೇ ಹುಟ್ಟಿದವು. ಹೇಳಿಕೊಳ್ಳಲಾಗದ್ದನ್ನು ಹೊತ್ತುಕೊಳ್ಳಲಿ ಎಂದು ನಾವು ಅವನ್ನು ಆಫ್ರಿಕಕ್ಕೋ ಕುವೈತಿಗೋ ಕಳಿಸಿಬಿಡುತ್ತೇವೆ. ಹೀಗೆಂದು ಗೊತ್ತಾದ ಮೇಲೂ ನಾನು ಪದ್ಮನ ಪಕ್ಷವನ್ನು ಬಿಡಲಿಲ್ಲ. ಪ್ರೀತಿಯಿಂದ ಹುಟ್ಟಿದ ಸುಳ್ಳೂ ಸುಳ್ಳೇ.

ನವರಾತ್ರಿ ಕಳೆದ ಮೇಲೆ ಜಿನರಾಜನಿಂದ ಮತ್ತೊಂದು ಸುದ್ದಿ ಬಂತು. ಅವನ ಯಜಮಾನರ ತಾಯಿ ತೀರ್ಥಯಾತ್ರೆಗೆಂದು ಈ ದೇಶಕ್ಕೆ ಬಂದಿದ್ದಾರೆ, ಮೂಡುಬಿದಿರೆಯ ಬಸದಿಗಳನ್ನು ನೋಡುವ ಆಸೆಯಿದೆ, ನಮ್ಮಲ್ಲಿ ಒಂದು ದಿನ ಇಳಿದುಕೊಳ್ಳಬಹುದೇ ಎಂದು. ಮಾವ ಕೂಡಲೇ ಒಪ್ಪಿದರು. ಯಾತ್ರಿಕರನ್ನು ನಿರಾಕರಿಸುವ ಮನೆಯಲ್ಲ ಅದು.

ಮೋತಿಬಾ ಎಂಬುದು ಅವರ ಹೆಸರು; ಬಾ ಎಂದರೆ ಗುಜರಾತಿಯಲ್ಲಿ ಅಮ್ಮ. ಅರುವತ್ತೈದರ ಆಸುಪಾಸಿನ, ಬಿಳಿಯ ಸೀರೆಯ, ಗಟ್ಟಿ ದನಿಯ ಹೆಂಗಸು. ಜೊತೆಯಲ್ಲಿ ಬಂದಿದ್ದ ಅವರ ತಮ್ಮನ ಮಗ ಘಟ್ಟದ ತಿರುವುಗಳಿಂದ ತಲೆಸುತ್ತು ಬಂದು ಜಗಲಿಯಲ್ಲಿ ಮಲಗಿಬಿಟ್ಟ. ಆದ್ದರಿಂದ ದುಭಾಷಿಯ ಹೊಣೆ ನನ್ನ ಮೇಲೆ ಬಿತ್ತು. ನನ್ನದು ಪರೀಕ್ಷೆಗೆ ಓದಿದ ಹಿಂದಿ, ಅವರದು ಗುಜರಾತಿಯ ಮೇಲೆ ಹಿಂದಿಯ ಸೆರಗು ಹೊದೆಸಿದ್ದು. ಆದರೂ ಕೆಲಸ ನಡೆಯಿತು. ಅನುವಾದಿಸುವುದಾದರೆ ಕೂಡಿಸದೆ ಕಳೆಯದೆ, ಹೇಳಿದ್ದನ್ನು ಹೇಳಿದಂತೆಯೇ ಅನುವಾದಿಸಬೇಕೆಂಬುದು ನನ್ನ ನಿಯಮ. ಬೆಳಗ್ಗೆ ಬಸದಿಗಳ ದರ್ಶನವನ್ನು ಮಾಡಿಸಿ ಮಧ್ಯಾಹ್ನ ಮನೆಗೆ ಕರೆತಂದೆ.

ಒಳಗೆ ಬಂದವರು ಕುಳಿತುಕೊಳ್ಳಲಿಲ್ಲ. ಗೋಡೆಯ ಬುಡವನ್ನೂ ಮೇಲಿನ ಮಾಡನ್ನೂ ಮೂಲೆಗಳನ್ನೂ ಕಣ್ಣಿನಿಂದ ಶೋಧಿಸಿದರು. ಕೈಯಲ್ಲಿ 'ಕಾಯಿಸಿ ಆರಿಸಿದ' ತಮ್ಮದೇ ನೀರಿನ ಹಿತ್ತಾಳೆಯ ಚೊಂಬು, ಚೀಲದಲ್ಲಿ ಒಣರೊಟ್ಟಿ. ನಾನು ವಿಚಾರಿಸಿದೆ. ಮೊಂಬಾಸದ ನೆರೆಯವರೆಲ್ಲ ಅವರನ್ನು ಎಚ್ಚರಿಸಿ ಕಳಿಸಿದ್ದರಂತೆ: ದಕ್ಷಿಣದ ಆ ಕಡಲತೀರದಲ್ಲಿ ಮನೆಮನೆಯಲ್ಲಿ ಹಾವು ಸಾಕುತ್ತಾರೆ, ಭೂತಗಳು ಮೈಮೇಲೆ ಬೆಂಕಿ ಹಚ್ಚಿಕೊಂಡು ಕುಣಿಯುತ್ತವೆ, ಮಜ್ಜಿಗೆಯಲ್ಲೂ ಮೀನಿನ ವಾಸನೆ, ಅಡುಗೆಗೆಲ್ಲ ತಲೆಗೆ ಹಚ್ಚುವ ತೆಂಗಿನೆಣ್ಣೆ, ಹಗಲಿನಲ್ಲೇ ಹುಲಿ ತಿರುಗುತ್ತದೆ.

“ಹುಲಿಯಂತೂ ಇಲ್ಲವಷ್ಟೆ?” ಎಂದು ಅವರು ಕೇಳಿದ್ದನ್ನು ಅಕ್ಕನಿಗೆ ಹೇಳಿದೆ.

“ಛೆ, ಇಲ್ಲಿ ಎಲ್ಲಿಂದ?” ಎಂದಳು ಅಕ್ಕ, ಅತಿಥಿಯನ್ನು ಸಮಾಧಾನಪಡಿಸುವ ಮುಖ ಮಾಡಿ. “ಹುಲಿ, ಚಿರತೆ ಎಲ್ಲ ಬೆಳ್ತಂಗಡಿಯಲ್ಲಿ ಉಂಟು. ಇವಳ ಗಂಡನ ಮನೆಯ ನಾಯಿಯನ್ನು ಕೊಂಡುಹೋದದ್ದು ಅದೇ.”

ನಿಯಮದಂತೆ ಪೂರ್ತಿಯಾಗಿ ಅನುವಾದಿಸಿದೆ. ಅಷ್ಟರಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮೋತಿಬಾ ಕಾಲುಗಳನ್ನು ಮೇಲಕ್ಕೆ ಎತ್ತಿಕೊಂಡರು.

ಪದ್ಮ ಈ ಅವಕಾಶವನ್ನು ಬಿಡಲಿಲ್ಲ. “ನಿಮ್ಮಲ್ಲಿ ಸಿಂಹ ಉಂಟಲ್ಲ, ಬಾ?” ಎಂದಳು. ಮೋತಿಬಾ ನಕ್ಕರು. “ಸಿಂಹವನ್ನು ನಾನು ನೋಡಿದ್ದೇನೆ ಮಗಳೇ. ಆಫ್ರಿಕದಲ್ಲಲ್ಲ, ಕಾಠಿಯಾವಾಡದಲ್ಲಿ, ನನ್ನ ಅಪ್ಪನ ಊರಿನ ಕೆರೆಯ ಹತ್ತಿರ, ನಾನು ಚಿಕ್ಕವಳಿದ್ದಾಗ. ಮೊಂಬಾಸಕ್ಕೆ ಹೋದಮೇಲೆ ಇದುವರೆಗೆ ಒಂದನ್ನೂ ನೋಡಲಿಲ್ಲ.” ಇದನ್ನು ಕನ್ನಡಕ್ಕೆ ತರುವಾಗ ನನ್ನ ದನಿ ಸ್ವಲ್ಪ ಏರಿದ್ದು ನಿಜ. ಅಕ್ಕ ತುರಿಮಣೆಯನ್ನು ಹುಡುಕಿಕೊಂಡು ಒಳಗೆ ಹೋದಳು.

ಅಂದು ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ಮೂರು ದಾಟುವಷ್ಟರಲ್ಲಿ ಆಕಾಶ ಕಪ್ಪಿಟ್ಟು, ಜಿಟಿಜಿಟಿ ಮಳೆ ಹಿಡಿದು, ಒಳಮನೆಯಲ್ಲಿ ಸಂಜೆಯೇ ಆದಂತಾಯಿತು. ಮೋತಿಬಾ ಚಡಪಡಿಸತೊಡಗಿದರು, ಕಿಟಕಿಗೆ ಹೋಗಿ ನೋಡಿದರು, ಬಂದು ಕುಳಿತರು, ಮತ್ತೆ ಎದ್ದರು. ಕೊನೆಗೆ ಐದರ ಸುಮಾರಿಗೆ ಸಂಕೋಚದಿಂದಲೇ ನನ್ನನ್ನು ಕೇಳಿದರು: “ಇಲ್ಲಿ ಹೊತ್ತು ಮುಳುಗುವುದು ಯಾವಾಗ?”

ಆರಾಮಕುರ್ಚಿಯಲ್ಲಿದ್ದ ಮಾವನಿಗೆ ಆ ವಾಕ್ಯದ ಒಂದು ಪದವೂ ಅರ್ಥವಾಗದಿದ್ದರೂ 'ಸೂರಜ್' ಎಂಬುದು ಕಿವಿಗೆ ಬಿದ್ದಿತ್ತು. ತಟ್ಟನೆ ಎದ್ದು ಕುಳಿತರು. “ಎಂತ ಕೇಳಿದ್ದು ಅವರು?”

ಹೇಳಿದೆ. ಮೋತಿಬಾ ಮುಂದುವರಿಸಿದರು: ನಿಮ್ಮ ಸೀಮೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೂರ್ಯನೇ ಹುಟ್ಟುವುದಿಲ್ಲವೆಂದು ನಮಗೆ ಹೇಳಿದ್ದಾರೆ; ಹಾಗಾದರೆ ಇಲ್ಲಿಯ ಜೈನರು ಉಣ್ಣುವುದು ಹೇಗೆ? ಅದಕ್ಕೇ ಈ ಒಣರೊಟ್ಟಿ. ಕತ್ತಲಾಯಿತೋ ಇಲ್ಲವೋ ತಿಳಿಯದ ಊರಿನಲ್ಲಿ ಬೆಳಗ್ಗೆಯೇ ತಿಂದು ಮುಗಿಸುವುದು ಕ್ಷೇಮ.

ನಾನು ಕೈಗಡಿಯಾರ ತೋರಿಸಿದೆ. ಅವರು ಅದರ ಕಡೆಗೆ ನೋಡಲಿಲ್ಲ. “ವ್ರತ ಸೂರ್ಯನದು, ಗಡಿಯಾರದ್ದಲ್ಲ,” ಎಂದರು. ಇದನ್ನೇ, ಇದೇ ಬಿಗುವಿನಲ್ಲಿ, ನನ್ನ ಬಾಲ್ಯದಿಂದ ಮಾವನ ಬಾಯಿಂದ ಕೇಳಿದ್ದೆ. ಮಾವನಿಗೆ ಅನುವಾದಿಸಿದಾಗ ಅವರು ಊರುಗೋಲನ್ನು ತೆಗೆದುಕೊಂಡು ಎದ್ದು ನಿಂತರು.

“ಹಿತ್ತಿಲಿಗೆ ಹೋಗುವ. ಬರಲಿಕ್ಕೆ ಹೇಳು ಅವರಿಗೆ.”

ನಮ್ಮ ಹಿತ್ತಿಲಿನಲ್ಲಿ ಪ್ರತಿ ಮಳೆಗಾಲಕ್ಕೂ ಅಕ್ಕ ಹೀರೆಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಿದ್ದಳು. ಪಲ್ಯಕ್ಕಾಗಿ ಎಂದು ನೋಡಿದವರಿಗೆ ತೋರಬಹುದು. ಪಲ್ಯ ಆಮೇಲಿನ ಮಾತು. ಹೀರೆಯ ಹೂ ಅರಳುವುದು ಬೆಳಗ್ಗೆಯಲ್ಲ, ಹೊತ್ತು ಇಳಿದಮೇಲೆ. ವಾರಗಟ್ಟಲೆ ಸೂರ್ಯನ ಮುಖ ಕಾಣದ ಆಷಾಢ ಶ್ರಾವಣಗಳಲ್ಲಿ ನಮ್ಮ ಮನೆಯ ಊಟದ ಹೊತ್ತನ್ನು ಹೇಳುತ್ತಿದ್ದುದು ಆ ಬಳ್ಳಿಯೇ. ಮೊಗ್ಗು ಬಿರಿಯತೊಡಗಿತೆಂದರೆ ಅಕ್ಕ ಎಲೆ ಹಾಕುತ್ತಾಳೆ. ಚಪ್ಪರವೆಲ್ಲ ಹಳದಿಯಾಗುವಷ್ಟರಲ್ಲಿ ಊಟ ಮುಗಿದು ಕೈ ತೊಳೆದಾಗಿರುತ್ತದೆ. ಅಜ್ಜಿಯ ಕಾಲದಿಂದ ನಡೆದುಬಂದದ್ದು ಇದು.

ಇಬ್ಬರು ಮುದುಕರೂ ಎರಡು ತಾಳೆಗರಿಯ ಕೊಡೆಗಳನ್ನು ಹಿಡಿದು ಚಪ್ಪರದ ಎದುರಿಗೆ ನಿಂತರು. ನಡುವೆ ಕೊಡೆಯಿಲ್ಲದೆ ನಾನು. ಬಾಗಿಲಲ್ಲಿ ಪದ್ಮ, ಅವಳ ಹಿಂದೆ ಅಕ್ಕ. ಮೊಗ್ಗುಗಳು ಇನ್ನೂ ಬಿಗಿದುಕೊಂಡಿದ್ದವು. ಹೂವಿಗಾಗಿ ಕಾಯುತ್ತ ಮಾವ ತಮ್ಮ ಪ್ರಶ್ನೆಯನ್ನು ಕೇಳಿಯೇಬಿಟ್ಟರು.

“ನಿಮ್ಮ ಊರಲ್ಲಿ ಆರು ತಿಂಗಳು ಸೂರ್ಯ ಮುಳುಗುದಿಲ್ಲವಂತೆ. ಹೌದಾ ಅಂತ ಕೇಳು.”

ಮೋತಿಬಾ ಕೊಡೆಯನ್ನು ಓರೆಮಾಡಿ ಮಾವನ ಮುಖವನ್ನೇ ನೋಡಿದರು. “ಯಾರು ಹೇಳಿದ್ದು? ದಿನವೂ ದೀಪ ಹಚ್ಚುವ ಹೊತ್ತು ನಮ್ಮಲ್ಲಿ ಒಂದೇ. ನಾನು ಸೊಸೆಯಾಗಿ ಹೋದ ವರ್ಷದಿಂದ ಅದು ತಪ್ಪಿದ್ದಿಲ್ಲ. ನಿಮ್ಮ ಸೂರ್ಯನ ಬಗ್ಗೆಯೇ ನಮಗೆ ಅನುಮಾನ!”

ನಾನು ಹೇಳಿ ಮುಗಿಸುವ ಮೊದಲೇ ಮಾವ ನಗತೊಡಗಿದ್ದರು. ಜೋರಾಗಿ ನಗುವ ಅಭ್ಯಾಸ ಅವರಿಗಿರಲಿಲ್ಲ. ಕೊಡೆ ಅಲುಗಾಡಿ, ಅದರ ಮೇಲಿನ ನೀರೆಲ್ಲ ನನ್ನ ಭುಜದ ಮೇಲೆ ಬಿತ್ತು. ಮೋತಿಬಾ ಕೂಡ ನಕ್ಕರು. ಕಡಲಿನ ಎರಡು ದಡಗಳಲ್ಲಿ ಕುಳಿತು ಪರಸ್ಪರರ ಸೂರ್ಯನನ್ನು ಸಂದೇಹಿಸಿದ್ದ ಇಬ್ಬರು ನನ್ನ ಎಡಬಲಗಳಲ್ಲಿದ್ದರು. ನನ್ನ ಭೂಗೋಲ ಪಂಚೆಯಲ್ಲಿ ಸುತ್ತಿಕೊಂಡು ಬಂಟವಾಳದ ಕಪಾಟಿನಲ್ಲಿತ್ತು. ಅಷ್ಟರಲ್ಲಿ ಚಪ್ಪರದ ಅಂಚಿನಲ್ಲಿ ಒಂದು ಮೊಗ್ಗು ಬಿರಿಯಿತು, ಅದರ ಪಕ್ಕದಲ್ಲಿ ಇನ್ನೊಂದು. ಮೋತಿಬಾ ಬಾಗಿ, ಹಳದಿಯ ಎಸಳುಗಳನ್ನು ಮುಟ್ಟದೆ ನೋಡಿ, ಕೈಮುಗಿದರು. “ಎಲೆ ಹಾಕಿದ್ದೇನೆ, ಬನ್ನಿ,” ಎಂದಳು ಅಕ್ಕ. ಅಂದು ಅತಿಥಿಯ ಒಣರೊಟ್ಟಿಯ ಚೀಲ ಬಿಚ್ಚಲೇ ಇಲ್ಲ. ಮಾವನ ಪಕ್ಕದ ಎಲೆಯಲ್ಲಿ ಕುಳಿತು ಅವರು ನಮ್ಮ ಅನ್ನ ಸಾರನ್ನೂ ತೆಂಗಿನೆಣ್ಣೆಯ ಒಗ್ಗರಣೆಯನ್ನೂ ಧೈರ್ಯವಾಗಿ ಉಂಡರು. ತೆಂಗಿನೆಣ್ಣೆಯ ಬಗ್ಗೆ ನೆರೆಯವರು ಕೊಟ್ಟ ಎಚ್ಚರಿಕೆಯೊಂದು ಮಾತ್ರ ಸತ್ಯವಾಗಿತ್ತೆಂದು ಆಮೇಲೆ ನನ್ನ ಬಳಿ ಒಪ್ಪಿಕೊಂಡರು.

ಕೈ ತೊಳೆಯಲು ಮತ್ತೆ ಹಿತ್ತಿಲಿಗೆ ಬಂದಾಗ ಚಪ್ಪರವೆಲ್ಲ ಹಳದಿಯಾಗಿತ್ತು. ಮಾವ ಕೈ ಒರೆಸಿಕೊಳ್ಳುತ್ತ ಅದರ ಬುಡದವರೆಗೆ ನಡೆದುಹೋದರು.

“ಪದ್ಮ, ನೀನು ಕೇಳಿದ್ದಿಯಲ್ಲ, ಬೇರೆ ಕಾರಣ. ಹುಡುಕಿದೆ. ಸಿಕ್ಕಲಿಲ್ಲ,” ಎಂದರು. ಸಿಕ್ಕಿದ್ದನ್ನು ಅವರು ಹೇಳುವುದಿಲ್ಲವೆಂದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಕಣ್ಣೊರೆಸಿಕೊಂಡ ಪದ್ಮನಿಗೂ ಗೊತ್ತಿದ್ದಿರಬೇಕು. ಆಮೇಲೆ ಅವರು ಅಕ್ಕನ ಕಡೆಗೆ ತಿರುಗಿ, ಚಪ್ಪರದ ಮೂಲೆಯಲ್ಲಿ ಬಲಿತು ಒಣಗುತ್ತಿದ್ದ ಒಂದು ಕಾಯಿಯನ್ನು ಊರುಗೋಲಿನಿಂದ ತೋರಿಸಿದರು. “ಬೀಜಕ್ಕೆ ಬಿಟ್ಟದ್ದು ಅದೊಂದು ಉಂಟಲ್ಲ, ಅದನ್ನು ತೆಗೆದು ಇವಳ ಪೆಟ್ಟಿಗೆಯಲ್ಲಿ ಇಡು. ಅಲ್ಲಿ ಚಪ್ಪರ ಹಾಕಲಿ. ಹೆಣ್ಣುಮಗು ಹುಟ್ಟಿದರೆ ಕರಕೊಂಡು ಬಂದು ತೋರಿಸಲಿ.”

ಇಷ್ಟು ಹೊತ್ತೂ ನಮ್ಮ ಮುಖಗಳನ್ನು ನೋಡುತ್ತಿದ್ದ ಮೋತಿಬಾ ಏನೆಂದು ಕೇಳಿದರು. ಹೇಳಿದೆ. ಅವರು ಸಂತೋಷದಿಂದ ಕೈ ಬೀಸಿ, “ಹೀರೆಕಾಯಿಯೇ? ಅದರ ಬೀಜವನ್ನು ಇಲ್ಲಿಂದ ಯಾಕೆ ಹೊರಬೇಕು? ನಮ್ಮ ಮೊಂಬಾಸದ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ!” ಎಂದರು.

“ಎಂತ ಹೇಳಿದ್ದು?” ಎಂದರು ಮಾವ.

ಒಂದು ಪದವನ್ನೂ ಬಿಡದೆ ಅನುವಾದಿಸಬೇಕೆಂಬ ನನ್ನ ನಿಯಮವನ್ನು ಮೇಲೆಯೇ ಹೇಳಿದ್ದೇನೆ. ಆ ಒಂದು ವಾಕ್ಯವನ್ನು ನಾನು ಅನುವಾದಿಸಲಿಲ್ಲ. ಅದಕ್ಕಾಗಿ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ. “ಒಳ್ಳೆಯದಾಗಲಿ ಅಂತ ಹೇಳಿದರು, ಮಾವ,” ಎಂದೆ.

ಮೋಡದ ಹಿಂದೆ ಎಲ್ಲೋ ಸೂರ್ಯ ಮುಳುಗಿದ. ನಾವು ಯಾರೂ ಗಮನಿಸಲಿಲ್ಲ. ಅದು ೧೯೫೭ನೆಯ ಇಸವಿ ಅಕ್ಟೋಬರ್ ತಿಂಗಳ ಹದಿಮೂರನೆಯ ತಾರೀಕು, ಭಾನುವಾರ.